ಬಾಣಂತಿ ಕೋಣೆಯ ಒಂಬತ್ತು ಫೋಟೊ

ಕೊಪ್ಪದ ಸುತ್ತಮುತ್ತ ಕಳೆದ ಎಂಟು ವರ್ಷಗಳಲ್ಲಿ ಮದುವೆಯಾದ ಯಾವ ಹೆಣ್ಣಿಗೂ ಕಣ್ಣಿನ ಕೆಳಗೆ ಕಪ್ಪಿಲ್ಲ. ಯಾವ ಗಂಡಿಗೂ ಮೊಡವೆಯಿಲ್ಲ. ಯಾವ ಬೀಗರ ಹೊಟ್ಟೆಯೂ ಜರಿಪಂಚೆ ದಾಟಿ ಮುಂದೆ ಬಂದಿಲ್ಲ. ಅನುಮಾನವಿದ್ದವರು ಮದುವೆ ಆಲ್ಬಮ್ ತೆಗೆದು ನೋಡಬಹುದು. ಹೊರಗಿನವರು ಇದನ್ನು ಇಲ್ಲಿಯ ನೀರು ಗಾಳಿಯ ಗುಣವೆಂದು ತಿಳಿದಾರು. ಅದೆಲ್ಲ ಏನೂ ಅಲ್ಲ, ಇದು ನನ್ನ ಗೆಳತಿ ಸುಮನಾಳ ಕೆಲಸ.

ಸುಮನಾ ಕೊಪ್ಪದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೊ ತಿದ್ದುವವಳು. ಸ್ಟುಡಿಯೋ ಗಂಗಾಧರ್ ಅವರದು. ಊರಿನವರ ಬಾಯಲ್ಲಿ ಅವರು ಗಂಗಣ್ಣ. ಗಂಗಣ್ಣ ತೆಗೆದದ್ದನ್ನು ಸುಮನಾ ಮನೆಮಂದಿಯೆಲ್ಲ ಒಪ್ಪುವ ಹಾಗೆ ಮಾಡಿಕೊಡುತ್ತಿದ್ದಳು. ಒರೆಸುವುದು ಅವಳ ದಿನದ ಕೆಲಸ. ಆದರೆ ಅವಳಿಗೆ ಹೆಸರು ಬಂದದ್ದು ಇಲ್ಲದವರನ್ನು ತಂದು ನಿಲ್ಲಿಸುವುದರಿಂದ. ಗಡಿಯಲ್ಲಿ ರಜೆ ಸಿಗದೆ ಉಳಿದ ಅಣ್ಣ ಧಾರೆಯ ಫೋಟೊದಲ್ಲಿ ಕೈಕಟ್ಟಿ ನಿಂತಿರುತ್ತಿದ್ದ. ಹಿಂದಿನ ವರ್ಷ ತೀರಿಕೊಂಡ ಅಜ್ಜ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೆಣಸೆಯ ಒಂದು ಮನೆಯವರು ಊಟದ ಪಂಕ್ತಿಯಲ್ಲಿ ಜಗಳ ತೆಗೆದ ಚಿಕ್ಕಪ್ಪನನ್ನು ಆಲ್ಬಮ್ಮಿನಿಂದ ತೆಗೆಸಿದರು. ಎರಡು ವರ್ಷ ಕಳೆದು ರಾಜಿಯಾದ ಮೇಲೆ ಮತ್ತೆ ಬಂದು, ಅದೇ ಜಾಗದಲ್ಲಿ ಹಾಕಿಕೊಡಿ ಎಂದರು. ಸುಮನಾ ಮುಖದಲ್ಲಿ ನಗು ತೋರಿಸದೆ ಎರಡೂ ಸಲ ಮಾಡಿಕೊಟ್ಟಳು. ಚಿಕ್ಕಪ್ಪ ಎರಡನೆಯ ಸಲ ಸ್ವಲ್ಪ ತೆಳ್ಳಗೂ ಆಗಿದ್ದರು.

ಇದನ್ನೆಲ್ಲ ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸಿಟ್ಟಿನಿಂದ ಹೇಳುತ್ತಿದ್ದೇನೆ. ನನ್ನ ಹೆಸರು ನಯನ, ಬಾಳಗಡಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ನನ್ನನ್ನು ಹಾಲಿನಲ್ಲಿ ಅದ್ದಿ ತೆಗೆದವಳು ಇವಳೇ. ಅದಕ್ಕಾಗಿ ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದೆ. ನನ್ನ ಅತ್ತೆ ಮಾತ್ರ ಆ ಆಲ್ಬಮ್ಮನ್ನು ಬಂದವರಿಗೆಲ್ಲ ತೋರಿಸಿ, ಆಮೇಲೆ ನನ್ನ ಕಡೆ ನೋಡಿ, ಸುಮ್ಮನಾಗುತ್ತಾರೆ.

ಕಳೆದ ವರ್ಷ ಸುಮನಾಳಿಗೆ ಹೆಣ್ಣು ಮಗುವಾಯಿತು. ಗಂಡ ರಾಜಶೇಖರ್ ಕೊಪ್ಪದಲ್ಲಿ ಲೈನ್‌ಮನ್. ಕಂಬದ ಮೇಲೆ ಇಲ್ಲದ ದಿನ ಒಳ್ಳೆಯ ಮನುಷ್ಯ, ಕಂಬದ ಮೇಲಿದ್ದರೂ ಒಳ್ಳೆಯವನೇ, ಆದರೆ ಸಿಗುವುದಿಲ್ಲ. ಬಾಣಂತನಕ್ಕೆ ಸುಮನಾ ತವರಿಗೆ, ನರಸಿಂಹರಾಜಪುರಕ್ಕೆ ಹೋದಳು. ಅವಳ ಅಪ್ಪ ರೇಣುಕಪ್ಪನವರಿಗೆ ಅಲ್ಲಿ ಹಿಂಡಿ, ಬೂಸಾ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಆ ಮನೆಯಲ್ಲಿ ರೇಣುಕಪ್ಪನವರ ಮಾತು ಅಂಗಡಿಯ ಹಿಂಬಾಗಿಲವರೆಗೆ ನಡೆಯುತ್ತದೆ. ಅಲ್ಲಿಂದಾಚೆಗೆ ಅವರ ಹೆಂಡತಿ ನೀಲಾಂಬಿಕಮ್ಮನವರದು.

ನೀಲಾಂಬಿಕಮ್ಮನವರ ಬಾಣಂತನವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಎರಡನೆಯ ಮಗುವಿನ ಯೋಚನೆಯನ್ನು ಮುಂದೆ ಹಾಕಿದ್ದೇನೆ. ಕಿವಿಗೆ ಹತ್ತಿ, ಹತ್ತಿಯ ಮೇಲೆ ಸ್ಕಾರ್ಫು, ಸ್ಕಾರ್ಫಿನ ಮೇಲೆ ರೇಣುಕಪ್ಪನವರ ಹಳೆಯ ಮಫ್ಲರು. ಹೊಟ್ಟೆಗೆ ಹಳೆಯ ನೂಲಿನ ಸೀರೆಯನ್ನು ಸುತ್ತಿ ಸುತ್ತಿ ಬಿಗಿದ ಕಟ್ಟು. ದಿನಾ ಎಣ್ಣೆ, ದಿನಾ ಚರ್ಮ ಕೆಂಪಾಗುವಷ್ಟು ಬಿಸಿನೀರು, ಅದರ ಮೇಲೆ ಹೊಗೆ. ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಮತ್ತೆ ಮೆಣಸಿನ ಸಾರು. ಫ್ಯಾನ್ ಹಾಕುವಂತಿಲ್ಲ. ಫೋನು ದಿನಕ್ಕೆ ಅರ್ಧ ಗಂಟೆ, ಅದೂ ಬಾಗಿಲ ಕಡೆ ಬೆನ್ನು ಹಾಕಿ. ಇಷ್ಟೆಲ್ಲದರ ತುದಿಗೆ ಒಂದು ಕಾನೂನು: ಐದು ತಿಂಗಳು ತುಂಬುವವರೆಗೆ ಮಗುವಿನ ಫೋಟೊ ತೆಗೆಯುವಂತಿಲ್ಲ. ದೃಷ್ಟಿ ತಾಗುತ್ತದೆ. ಯಾರ ದೃಷ್ಟಿ, ಹೇಗೆ ತಾಗುತ್ತದೆ ಎಂದು ನಾನು ಒಮ್ಮೆ ಕೇಳಿದೆ. ಕಾಲೇಜಲ್ಲಿ ಪಾಠ ಮಾಡುವವರಿಗೆ ಅದು ಅರ್ಥವಾಗುವುದಿಲ್ಲ ಎಂದು ಉತ್ತರ ಬಂತು.

ಊರಿನ ಅರ್ಧ ಜನರ ಮುಖವನ್ನು ತಿದ್ದಿದ ಸುಮನಾಳಿಗೆ ಮೂರು ವರ್ಷದವರೆಗಿನ ತನ್ನದೇ ಒಂದು ಫೋಟೊ ಇಲ್ಲ. ಅವಳ ಮೊದಲ ಫೋಟೊ ಅಂಗನವಾಡಿಯದು, ಅದರಲ್ಲೂ ಅವಳು ಪಕ್ಕದವಳ ಜಡೆಯ ಹಿಂದಿದ್ದಾಳೆ. ಈಗ ಮಗಳಿಗೂ ಅದೇ ಗತಿ. ಇಪ್ಪತ್ತು ದಿನ ಅವಳು ತಡೆದುಕೊಂಡಳು. ಇಪ್ಪತ್ತೊಂದನೆಯ ದಿನ ರಾಜಶೇಖರನ ಕೈಲಿ ತನ್ನ ಹಳೆಯ ಕ್ಯಾಮೆರಾ ತರಿಸಿಕೊಂಡಳು. ಅವಳಿಗೂ ನೀಲಾಂಬಿಕಮ್ಮನವರಿಗೂ ಒಂದು ಒಪ್ಪಂದವಾಯಿತು: ಮಗುವಿನ ಕಡೆ ಕ್ಯಾಮೆರಾ ತಿರುಗಿಸುವಂತಿಲ್ಲ, ಬೇರೆ ಏನು ಬೇಕಾದರೂ ತೆಗೆದುಕೊಳ್ಳಬಹುದು. ಮಗುವಿನ ನೆರಳು ಗೋಡೆಯ ಮೇಲೆ ಬಿದ್ದರೆ ಅದನ್ನು ತೆಗೆಯಬಹುದೇ ಎಂಬುದರ ಮೇಲೆ ಎರಡು ದಿನ ಚರ್ಚೆ ನಡೆಯಿತು. ನೆರಳೂ ಮಗುವಿಗೇ ಸೇರಿದ್ದು ಎಂದು ಕೊನೆಗೆ ತೀರ್ಪಾಯಿತು.

ಬೇರೆ ಏನಿದೆ ಆ ಕೋಣೆಯಲ್ಲಿ? ಅದನ್ನೇ ತೆಗೆದಳು. ಮಗು ಎದ್ದ ಮೇಲೆ ಹಾಸಿಗೆಯಲ್ಲಿ ಉಳಿದ ಸಣ್ಣ ತಗ್ಗು. ಖಾಲಿ ತೊಟ್ಟಿಲು. ರೇಣುಕಪ್ಪನವರ ಪಂಚೆಗಳನ್ನು ಹರಿದು ಮಾಡಿದ ಬಟ್ಟೆಗಳು ಹಿತ್ತಲ ತಂತಿಯ ಮೇಲೆ ಬಿಸಿಲಿಗೆ ಸಾಲಾಗಿ ತೂಗುತ್ತಿರುವುದು. ನೈಟಿಯ ಎದೆಯ ಮೇಲೆ ಹಾಲು ಸೋರಿ ಒಣಗಿದ ಗುರುತು. ಸೀರೆಯ ಕಟ್ಟು ಬಿಚ್ಚಿದಾಗ ಹೊಟ್ಟೆಯ ಮೇಲೆ ಉಳಿದ ಗೆರೆಗಳು. ಅರವತ್ತನೆಯ ದಿನದ ಮೆಣಸಿನ ಸಾರು. ತಲೆಯಿಂದ ಜಾರಿ ದಿಂಬಿನ ಮೇಲೆ ಬಿದ್ದ ಸ್ಕಾರ್ಫು. ಗೋಡೆಯ ಕನ್ನಡಿಯಲ್ಲಿ ತನ್ನ ಮುಖ, ಕಣ್ಣಿನ ಕೆಳಗಿನ ಕಪ್ಪು ಕೆನ್ನೆಗೆ ಇಳಿದದ್ದು. ಮತ್ತೆ, ಬಟ್ಟಲಿನಿಂದ ಎಣ್ಣೆ ಬಗ್ಗಿಸುತ್ತಿರುವ ಎರಡು ಕೈಗಳು. ಆ ಕೈಗಳು ನೀಲಾಂಬಿಕಮ್ಮನವರದು. ಮಗಳು ಎಣ್ಣೆ ಬಟ್ಟಲಿನ ಫೋಟೊ ತೆಗೆಯುತ್ತಿದ್ದಾಳೆ ಎಂದು ಅವರು ತಿಳಿದಿದ್ದರು. ಎಡಗೈಯ ಮಣಿಕಟ್ಟಿನ ಮೇಲೆ ಬಳೆಗಳ ನಡುವೆ ಮಾವಿನ ಎಲೆಯಷ್ಟಗಲದ ಹಳೆಯ ಸುಟ್ಟ ಗುರುತು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸುಮನಾ ಚಿಕ್ಕಂದಿನಿಂದ ಕೇಳಿದ ಹಾಗೆ ಅದು ಸಂಡಿಗೆ ಕರಿಯುವಾಗ ಎಣ್ಣೆ ಸಿಡಿದು ಆದದ್ದು.

ಅವಳು ಒಂದೊಂದೇ ನನಗೆ ಫೋನಿನಲ್ಲಿ ಕಳಿಸುತ್ತಿದ್ದಳು. ಮೊದಮೊದಲು ನಾನು ತಮಾಷೆ ಮಾಡಿದೆ. ಆಮೇಲೆ ಮಾಡಲಿಲ್ಲ. ನಾನೂ ಹೆತ್ತವಳು. ನನ್ನ ಮಗನ ಮೊದಲ ಮೂರು ತಿಂಗಳು ಹೇಗಿದ್ದವು ಎಂದು ಯಾರಾದರೂ ಕೇಳಿದರೆ ಇದುವರೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಒಣಗಿದ ಹಾಲಿನ ಗುರುತು ನೋಡಿದಾಗ ನನಗೆ ಸ್ಟಾಫ್ ರೂಮಿನಲ್ಲೇ ಅಳು ಬಂತು.

"ಎಂಟು ವರ್ಷ ನಾನು ಒರೆಸಿದ್ದೆಲ್ಲ ಬಂದು ನನ್ನ ಮುಖದ ಮೇಲೇ ಕೂತಿದೆ ಮಾರಾಯ್ತಿ" ಎಂದಳು ಒಂದು ಮಧ್ಯಾಹ್ನ. "ಆದ್ರೆ ಇದನ್ನ ಒರೆಸೋಕೆ ಮನಸೇ ಬರ್ತಿಲ್ಲ. ಅಮ್ಮ ಒಂದ್ಸಲ ನೋಡಿದ್ರೆ ಸಾಕು ನಂಗೆ."

ಅಮ್ಮ ನೋಡುತ್ತಿರಲಿಲ್ಲ. ಅದೇ ತೊಂದರೆ. ಕ್ಯಾಮೆರಾದ ಹಿಂದಿನ ಪರದೆಯನ್ನು ಮುಂದೆ ಹಿಡಿದರೆ, ಕೋಣೆಯಲ್ಲೇ ಇದೆಯಲ್ಲ, ಫೋಟೊದಲ್ಲಿ ಎಂತಕ್ಕೆ ನೋಡಬೇಕು ಎಂದು ಎದ್ದು ಹೋಗುತ್ತಿದ್ದರು. ಮಗಳು ಸೋತುಹೋಗಿದ್ದಾಳೆ ಎಂದು ಯಾರಾದರೂ ಅಂದರೆ ಅವರಿಗೆ ತಮ್ಮ ಬಾಣಂತನಕ್ಕೇ ಕುಂದು ಬಂದ ಹಾಗೆ. ಚೆನ್ನಾಗಿದ್ದಾಳೆ, ಮೈ ತುಂಬಿದೆ, ನಾನು ನೋಡ್ತಿಲ್ಲವಾ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಈ ನಡುವೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮಲೆನಾಡಿನ ಮಹಿಳೆಯರ ಕಲಾತ್ಮಕ, ಅಂದರೆ ಫೈನ್ ಆರ್ಟ್, ಫೋಟೊಗಳ ಪ್ರದರ್ಶನವೊಂದು ಗೊತ್ತಾಯಿತು. ಯಾರೂ ಒಪ್ಪದ ಕೆಲಸಗಳು ನನಗೆ ಬರುವ ಪದ್ಧತಿಯಂತೆ ಅದರ ಉಸ್ತುವಾರಿ ನನ್ನ ಮೇಲೆ ಬಿತ್ತು. ನಾನು ಸುಮನಾಳ ಒಂಬತ್ತು ಫೋಟೊ ಕಳಿಸಿದೆ, ಒಂಬತ್ತೂ ಆಯ್ಕೆಯಾದವು. ಆಯ್ಕೆಯಾದ ಮೇಲೆ ಚಿತ್ರದಲ್ಲಿ ಏನೂ ತಿದ್ದಬಾರದು ಎಂಬ ಒಂದೇ ಷರತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆ.

ಸುದ್ದಿ ಹೇಳಲು ಹೋದಾಗ ನೀಲಾಂಬಿಕಮ್ಮ, ಈ ಫೈನ್ ಆರ್ಟ್ ಅಂದರೆ ಎಂತದು ಎಂದು ನನ್ನನ್ನು ಹಿಡಿದರು. ಸುಲಭವಾಗಲಿ ಎಂದು ನಾನು, ಯಾರೂ ಕ್ಯಾಮೆರಾ ನೋಡಿ ನಗದೇ ಇರುವ ಫೋಟೊ ಎಂದೆ. ಅವರು ಸ್ವಲ್ಪ ಯೋಚಿಸಿದರು.

"ಹಂಗಾದ್ರೆ ನಮ್ಮನೆಯವರ ವೋಟರ್ ಕಾರ್ಡಲ್ಲಿ ಇರೋದೂ ಅದೇನಾ?"

ಹದಿನಾಲ್ಕು ವರ್ಷದ ನನ್ನ ಪಾಠದ ಅನುಭವ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ದೊಡ್ಡ ಅಳತೆಯ ಪ್ರಿಂಟ್ ಗಂಗಣ್ಣನ ಸ್ಟುಡಿಯೋದಲ್ಲೇ ಆಗಬೇಕು. ರಾಜಶೇಖರ್ ಪೆನ್‌ಡ್ರೈವ್ ತಲುಪಿಸಿದ. ಶುಕ್ರವಾರ ನನಗೆ ರಜೆಯಿತ್ತು. ಬೆಳಿಗ್ಗೆ ನಾನು ಹೋದಾಗ ಗಂಗಣ್ಣ ಸುರುಳಿ ಸುತ್ತಿ, ಪೇಪರ್ ಹೊದಿಸಿ, ದಾರ ಕಟ್ಟಿ ಇಟ್ಟಿದ್ದರು. ಫ್ರೇಮು ಹಾಕುವ ಮೊದಲು ಸುಮನಾ ಒಮ್ಮೆ ನೋಡಬೇಕು ಎಂದಿದ್ದಳು. ಎರಡು ದಿನ ಅಂಗಡಿಯ ಬೇರೆ ಕೆಲಸವೆಲ್ಲ ಬಿಟ್ಟು ಇದಕ್ಕೇ ಕೂತಿದ್ದೇನೆ ಎಂದು ಗಂಗಣ್ಣ ಹೇಳಿದರು. ಪ್ರಿಂಟ್ ತೆಗೆಯುವುದಕ್ಕೆ ಎರಡು ದಿನ ಯಾಕೆ ಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಇದ್ದ ಹಾಗೇ ತೆಗೆಯಿರಿ ಎಂದು ಮೊದಲೇ ಹೇಳಬೇಕೆಂದು ನನಗಾಗಲಿ ಸುಮನಾಳಿಗಾಗಲಿ ಹೊಳೆದಿರಲೂ ಇಲ್ಲ. ಈ ಕತೆಯಲ್ಲಿ ನನ್ನ ಪಾಲಿನ ತಪ್ಪು ಇಷ್ಟು.

ಸ್ಕೂಟಿಯಲ್ಲಿ ನರಸಿಂಹರಾಜಪುರ ತಲುಪಿದೆ. ಬಾಣಂತಿ ಕೋಣೆಯಲ್ಲಿ ಸುಮನಾ ಚಾಪೆಯ ಮೇಲೆ ದಾರ ಬಿಚ್ಚಿದಳು. ರೇಣುಕಪ್ಪನವರು ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ನೀಲಾಂಬಿಕಮ್ಮ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಗೋಡೆ ನೋಡುತ್ತಾ ಕೂತಿದ್ದರು.

ಮೊದಲ ಫೋಟೊ ಖಾಲಿ ತೊಟ್ಟಿಲಿನದು. ಅದು ಖಾಲಿಯಿರಲಿಲ್ಲ. ಅದರಲ್ಲಿ ಹಳದಿ ಟೋಪಿ ಹಾಕಿಕೊಂಡ, ನೀಲಿ ಕಣ್ಣಿನ, ಗುಂಡು ಕೆನ್ನೆಯ ಮಗುವೊಂದು ಎರಡು ಹಲ್ಲು ಬಿಟ್ಟು ನಗುತ್ತಿತ್ತು. ಎರಡನೆಯದರಲ್ಲಿ ಅದೇ ಮಗು ಅದೇ ಟೋಪಿಯಲ್ಲಿ ಹಾಸಿಗೆಯ ತಗ್ಗಿನಲ್ಲಿ ಕೂತು ನಗುತ್ತಿತ್ತು. ಮೆಣಸಿನ ಸಾರಿನ ತಟ್ಟೆಯ ಪಕ್ಕದಲ್ಲೂ ಇತ್ತು. ಸ್ಕಾರ್ಫು ಬಿದ್ದಿದ್ದ ದಿಂಬಿಗೆ ಒರಗಿಕೊಂಡಿತ್ತು. ಹಿತ್ತಲ ತಂತಿಯ ಮೇಲಿನ ಹರಕು ಪಂಚೆಗಳು ಬಣ್ಣಬಣ್ಣದ ಹೊಸ ಬಟ್ಟೆಗಳಾಗಿದ್ದವು, ಹಿಂದೆ ಶೃಂಗೇರಿಯ ಗೋಪುರ ಎದ್ದಿತ್ತು, ಗೋಪುರದ ಮುಂದೆ ಮಗು. ನೈಟಿಯ ಮೇಲಿನ ಹಾಲಿನ ಗುರುತು ಇದ್ದಲ್ಲಿ ಗುಲಾಬಿ ಹೂವು. ಹೊಟ್ಟೆಯ ಗೆರೆಗಳು ಮಾಯ. ಕನ್ನಡಿಯಲ್ಲಿ ಸುಮನಾ ತುಟಿಗೆ ಬಣ್ಣ ಹಚ್ಚಿಕೊಂಡು, ಕಿವಿಗೆ ಜುಮುಕಿ ಹಾಕಿಕೊಂಡು, ಹದಿನೆಂಟರ ಹುಡುಗಿಯಾಗಿದ್ದಳು.

ಸುಮನಾ ಬಹಳ ಹೊತ್ತು ನೋಡಿ, "ನೆರಳು ತಪ್ಪಿದೆ" ಎಂದಳು. "ಬೆಳಕು ಎಡದಿಂದ ಬರ್ತಿದೆ. ಮಗು ನೆರಳೂ ಎಡಕ್ಕೇ ಬಿದ್ದಿದೆ." ಆಮೇಲೆ ಅವಳ ಕಣ್ಣು ತುಂಬಿತು.

ರೇಣುಕಪ್ಪನವರಿಗೆ ಪರಿಸ್ಥಿತಿ ಅರ್ಥವಾಗಲಿಲ್ಲ. ಅವರು ತೊಟ್ಟಿಲಿನ ಫೋಟೊ ಕೈಗೆತ್ತಿಕೊಂಡು, ಮೂಗು ನೋಡು ನಯನ, ಥೇಟ್ ನನ್ನ ಮೂಗು ಎಂದರು. ಅಷ್ಟರಲ್ಲಿ ಎದುರು ಮನೆಯ ರಾಧಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಐದು ತಿಂಗಳಾಗದೆ ಫೋಟೊ ತೆಗೆಸಿಬಿಟ್ಟಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮೂರೂವರೆ ತಿಂಗಳಿಗೆ ಎರಡು ಹಲ್ಲು ಬಂದದ್ದನ್ನೂ ಗಮನಿಸಿ, ಹೆಪ್ಪು ಮರೆತು ಹೊರಟುಹೋದರು. ಸುದ್ದಿ ಯಾವ ದಾರಿ ಹಿಡಿಯಿತು ಎಂದು ಬೇರೆ ಹೇಳಬೇಕಿಲ್ಲ.

ನಾನು ಗಂಗಣ್ಣನಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಹಬ್ಬದ ಸಂಭ್ರಮ. ಅವರ ಮನೆಯಲ್ಲಿ ಮಗುವಿನ ಫೋಟೊ ತೆಗೆಯುವ ಹಾಗಿಲ್ಲ ಎಂದು ರಾಜಶೇಖರ್ ಹೇಳಿದ, ಪಾಪ ಎಷ್ಟು ಸಂಕಟಪಟ್ಟು ಮಗುವಿನ ಜಾಗ ಖಾಲಿ ಬಿಟ್ಟಿದ್ದಾಳೆ ಹುಡುಗಿ, ಖಾಲಿ ತೊಟ್ಟಿಲು ಗೋಡೆಗೆ ಹಾಕುವುದು ಶುಭವಲ್ಲ, ಊರಿನವರಿಗೆಲ್ಲ ಇಲ್ಲದವರನ್ನು ತಂದುಕೊಟ್ಟವಳಿಗೆ ನಾನು ಇಷ್ಟೂ ಮಾಡದಿದ್ದರೆ ಹೇಗೆ ಎಂದರು. ಅವರಿಗೆ ಬೈಯುವುದು ಹೇಗೆ? ಪ್ರೀತಿಯಿಂದ ಕೂತು ಮಾಡಿದ್ದಾರೆ.

ಫೋನ್ ಇಟ್ಟ ಮೇಲೆ ಸುಮನಾ ನನ್ನ ಕೈ ಹಿಡಿದು, ಗಂಗಣ್ಣನಿಗೆ ಏನೂ ಹೇಳಬೇಡ ಎಂದಳು. ಅವರೇ ತನಗೆ ಕೆಲಸ ಕಲಿಸಿದವರು. ಎಂಟು ವರ್ಷ ತಾನು ಬೇರೆಯವರಿಗೆ ಮಾಡಿದ್ದನ್ನೇ ಅವರು ತನಗೆ ಮಾಡಿದ್ದಾರೆ, ಈಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನುವುದು?

"ನಾಳೆ ನನ್ನ ಗೋಡೆ ಖಾಲಿ ಬಿಡು" ಎಂದಳು. "ಸುಳ್ಳು ಹಾಕೋದಕ್ಕಿಂತ ಅದೇ ವಾಸಿ."

ಹೇಳುತ್ತಾ ಅವಳು ಫೋಟೊಗಳನ್ನು ಸುತ್ತತೊಡಗಿದಳು. ಕೊನೆಯದು ಎಣ್ಣೆ ಬಟ್ಟಲಿನದು. ಅದು ಸುರುಳಿಯಾಗಲು ಒಪ್ಪದೆ ಬಿಚ್ಚಿಕೊಂಡು ನೀಲಾಂಬಿಕಮ್ಮನವರ ಕಾಲ ಬಳಿ ಹರಡಿತು. ಗೋಡೆ ನೋಡುತ್ತಿದ್ದವರು ಕೆಳಗೆ ನೋಡಿದರು. ಎರಡು ಕೈಗಳು, ಬೆಣ್ಣೆಯ ಹಾಗೆ ನುಣ್ಣಗೆ, ಕೈತುಂಬಾ ಹೊಸ ಚಿನ್ನದ ಬಳೆ, ಬೆರಳಿಗೆ ಮದರಂಗಿ.

"ಇದು ಯಾರ ಕೈ?" ಎಂದರು.

ನಿನ್ನದೇ ಅಮ್ಮ, ಗಂಗಣ್ಣ ಚೆಂದ ಮಾಡಿದ್ದಾರೆ ಎಂದು ಸುಮನಾ ಮೂಗು ಒರೆಸಿಕೊಂಡಳು. ಸಂಡಿಗೆಯ ಗುರುತನ್ನೂ ತೆಗೆದಿದ್ದಾರೆ, ಹೋಗಲಿ ಬಿಡು ಎಂದಳು.

ನೀಲಾಂಬಿಕಮ್ಮ ಮಗುವನ್ನು ಮಗಳ ಮಡಿಲಿಗೆ ಹಾಕಿದರು. ಎಡಗೈಯ ಬಳೆಗಳನ್ನು ಮೇಲೆ ಸರಿಸಿ ಮಣಿಕಟ್ಟು ನೋಡಿಕೊಂಡರು. ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, ನಯನ, ಸ್ಕೂಟಿ ತೆಗಿ, ಕೊಪ್ಪಕ್ಕೆ ಹೋಗಿ ಬರೋಣ ಎಂದರು. ಆಯಮ್ಮ ಜನ್ಮದಲ್ಲಿ ಸ್ಕೂಟಿ ಹತ್ತಿದವರಲ್ಲ. ಆ ಫೋಟೊವನ್ನು ಕಂಕುಳಲ್ಲಿ ಅವುಚಿಕೊಂಡು ಅಡ್ಡ ಕೂತು, ಇನ್ನೊಂದು ಕೈಯಿಂದ ನನ್ನ ಭುಜವನ್ನು ಹಿಡಿದ ಹಿಡಿತ ಮೂರು ದಿನ ನೋಯುತ್ತಿತ್ತು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು, ತಿರುವಿನಲ್ಲಿ ನಿಧಾನ.

ಸ್ಟುಡಿಯೋದಲ್ಲಿ ಗಂಗಣ್ಣ ಎದ್ದು ನಿಂತು ಕೈಮುಗಿದರು. ಮೊಮ್ಮಗು ಹೇಗೆ ಬಂದಿದೆ ಅಮ್ಮ ಎಂದು ಕೇಳಿದರು. ನೀಲಾಂಬಿಕಮ್ಮ ಫೋಟೊವನ್ನು ಗಾಜಿನ ಕೌಂಟರಿನ ಮೇಲೆ ಬಿಡಿಸಿ, ಅದರ ಪಕ್ಕದಲ್ಲಿ ತಮ್ಮ ಎಡಗೈ ಇಟ್ಟರು.

"ಈ ಗುರುತು ಒರೆಸೋಕೆ ನಿಮಗೆ ಎಷ್ಟು ಹೊತ್ತು ಹಿಡೀತು?"

ಹೊಗಳಿಕೆ ಬರುತ್ತಿದೆ ಎಂದುಕೊಂಡ ಗಂಗಣ್ಣ, ಅದೇನು ದೊಡ್ಡದಲ್ಲ ಅಮ್ಮ, ಒಂದು ನಿಮಿಷದ ಕೆಲಸ ಎಂದರು.

"ನನಗದು ಮಾಯೋಕೆ ಎರಡು ತಿಂಗಳು ಹಿಡೀತು."

ಆಮೇಲೆ ಅವರು ಹೇಳಿದ್ದನ್ನು ನಾನು ನಿಂತಲ್ಲೇ ಕೇಳಿಸಿಕೊಂಡೆ. ಸುಮನಾ ಹುಟ್ಟಿದಾಗ ನೀಲಾಂಬಿಕಮ್ಮನವರ ತಾಯಿ ಬದುಕಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು. ರೇಣುಕಪ್ಪನವರು ಹೊಸದಾಗಿ ಅಂಗಡಿ ಹಾಕಿ ಬೆಳಗಾದರೆ ಲೋಡಿನ ಹಿಂದೆ. ಬಾಣಂತನ ಮಾಡುವವರು ಒಬ್ಬರಿಲ್ಲ. ಹನ್ನೆರಡನೆಯ ದಿನ, ತಮ್ಮ ಸ್ನಾನಕ್ಕೆ ತಾವೇ ಬಚ್ಚಲೊಲೆಯಿಂದ ಕುದಿಯುವ ನೀರಿನ ಪಾತ್ರೆ ಇಳಿಸಲು ಹೋಗಿ, ತಲೆ ಸುತ್ತಿ, ಪಾತ್ರೆಯ ಅಂಚು ಮಣಿಕಟ್ಟಿಗೆ ಒತ್ತಿಕೊಂಡಿತು. ಕೈ ಬಿಟ್ಟರೆ ಪಕ್ಕದಲ್ಲಿ ಮಲಗಿಸಿದ್ದ ಮಗುವಿನ ಮೇಲೆ ನೀರು ಚೆಲ್ಲುತ್ತದೆ ಎಂದು ಬಿಡದೆ ಕೆಳಗಿಟ್ಟರು. ತೊಟ್ಟಿಲ ಶಾಸ್ತ್ರಕ್ಕೆ ಬಂದವರು ಕೇಳಿದಾಗ ತಮ್ಮ ಮನೆಯಲ್ಲಿ ನೋಡುವವರಿಲ್ಲ ಎಂದು ಹೇಳಲು ನಾಚಿಕೆಯಾಗಿ ಸಂಡಿಗೆ ಎಂದರು. ಅಂದಿನಿಂದ ಅದು ಸಂಡಿಗೆಯೇ ಆಗಿ ಉಳಿಯಿತು.

"ಆಗ ಒಂದು ಫೋಟೊನೂ ಇಲ್ಲ. ನಾನು ಬಾಣಂತಿ ಆಗಿದ್ದೆ ಅನ್ನೋದಕ್ಕೆ ನನ್ನ ಹತ್ರ ಇರೋದು ಇದೊಂದೇ" ಎಂದರು. "ಇದನ್ನ ತೆಗೀಬೇಡಿ ಮಾರಾಯ್ರೆ."

ಗಂಗಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಪೆನ್‌ಡ್ರೈವ್ ಹುಡುಕಿ ಕಂಪ್ಯೂಟರಿಗೆ ಸಿಕ್ಕಿಸಿದರು.

ಪಾಸ್‌ಪೋರ್ಟ್ ಫೋಟೊಗೆ ಕೂರುವ ಸ್ಟೂಲಿನ ಮೇಲೆ ನೀಲಾಂಬಿಕಮ್ಮ ಕೂತರು. ಒಂದೊಂದೇ ಪ್ರಿಂಟ್ ಹೊರಗೆ ಬಂದಂತೆ ಕೈಯಲ್ಲಿ ಹಿಡಿದು ನೋಡಿದರು. ಮೂರೂವರೆ ತಿಂಗಳು ನೋಡದವರು ಒಂದೇ ಮಧ್ಯಾಹ್ನ ನೋಡಿದರು. ತಂತಿಯ ಮೇಲಿನ ಪಂಚೆಗಳನ್ನು ಕಂಡು, ಇವರು ಹುಡುಕ್ತಿದ್ದ ಹಸಿರು ಅಂಚಿಂದು ಇಲ್ಲಿದೆ ನೋಡು, ಹೇಳಬೇಡ ಎಂದರು. ಹಾಲಿನ ಗುರುತು ಕಂಡು, ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ ಎಂದು ಗಂಗಣ್ಣನಿಗೆ ವಿವರಿಸಿದರು. ಕನ್ನಡಿಯ ಫೋಟೊ ಬಂದಾಗ ಮಾತ್ರ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ಸೋತಿದ್ಲಾ?" ಎಂದರು ಕೊನೆಗೆ. "ನನ್ನ ಎದುರಿಗೇ ಇದ್ಲಲ್ಲ."

ನೀವೂ ಸೋತಿದ್ದಿರಿ ಅಮ್ಮ ಎಂದೆ. ಅದು ಸರಿಯಾದ ಮಾತೇ ಇರಬೇಕು, ಅವರು ಬೈಯಲಿಲ್ಲ.

ಅವತ್ತು ಸಂಜೆಯೇ ಫ್ರೇಮುಗಳು ಸಿದ್ಧವಾದವು. ಗಂಗಣ್ಣನೇ ಆಟೊದಲ್ಲಿ ಹೇರಿಕೊಂಡು ಬಂದು ಸಭಾಂಗಣದಲ್ಲಿ ಮೊಳೆ ಹೊಡೆದರು. ಅವರು ಹೊಡೆದ ಮೊಳೆಗಳು ಅವರು ಹಾಕಿದ ನೆರಳಿಗಿಂತ ನೇರವಾಗಿದ್ದವು.

ನನ್ನ ಜೊತೆಯಲ್ಲೇ ಸಭಾಂಗಣಕ್ಕೆ ಬಂದಿದ್ದ ನೀಲಾಂಬಿಕಮ್ಮ ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು. ಬೇರೆಯವರ ಚಿತ್ರಗಳ ಕೆಳಗೆಲ್ಲ ಚೀಟಿ ಇದೆ, ಇದರ ಕೆಳಗೆ ಯಾಕೆ ಇಲ್ಲ ಎಂದರು. ಸುಮನಾ ಚಿತ್ರಗಳಿಗೆ ಹೆಸರು ಕೊಟ್ಟಿಲ್ಲ, ನೋಡುವವರೇ ತಿಳಿದುಕೊಳ್ಳಲಿ ಅಂದಿದ್ದಾಳೆ ಎಂದೆ. ನೋಡುವವರಿಗೆ ಹೇಗೆ ತಿಳಿಯುತ್ತದೆ ಎಂದು ಅವರು ಕೇಳಿದರು. ಅದೂ ನಿಜವೇ. ಒಂದು ಚೀಟಿ ಬರಿ, ನಾನು ಹೇಳುತ್ತೇನೆ ಎಂದರು. ಅವರು ಹೇಳಿದರು, ನಾನು ಬರೆದೆ. ಕಾಲೇಜಿನಲ್ಲಿ ನಾನು ಉಕ್ತಲೇಖನ ಹೇಳಿ ಬರೆಸುವವಳು, ಬರೆದುಕೊಂಡದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ರಾಜಶೇಖರ್ ಕಾರು ಗೊತ್ತುಮಾಡಿ ಎಲ್ಲರನ್ನೂ ಕರೆತಂದ. ಮಗು ನೀಲಾಂಬಿಕಮ್ಮನವರ ಸೆರಗಿನೊಳಗಿತ್ತು, ಹಣೆಗೂ ಕೆನ್ನೆಗೂ ಅಂಗಾಲಿಗೂ ಕಪ್ಪು ಬೊಟ್ಟು. ಸುಮನಾ ಹತ್ತಿ, ಸ್ಕಾರ್ಫು, ಮಫ್ಲರಿನಲ್ಲಿ ಬಂದಳು. ಉದ್ಘಾಟನೆಗೆ ಬಂದಿದ್ದ ಅತಿಥಿಗಳು ಇದೂ ಕಲೆಯ ಒಂದು ಭಾಗವಿರಬಹುದು ಎಂದು ತಿಳಿದು ಅವಳ ಸುತ್ತ ಒಂದು ಸಲ ಗೌರವದಿಂದ ನಡೆದರು. ರೇಣುಕಪ್ಪನವರು ಬರಲಿಲ್ಲ, ಅಂಗಡಿಯಲ್ಲಿ ಕೆಲಸವಿದೆ ಎಂದರು. ಕೆಲಸ ಏನೆಂದು ಆಮೇಲೆ ತಿಳಿಯಿತು. ಹಳದಿ ಟೋಪಿಯ ಮಗುವಿನ ತೊಟ್ಟಿಲ ಫೋಟೊಗೆ ಗುಟ್ಟಾಗಿ ಫ್ರೇಮು ಹಾಕಿಸಿ ಗಲ್ಲಾದ ಮೇಲೆ ನೇತುಹಾಕುತ್ತಿದ್ದರು. ಅದು ಈಗಲೂ ಅಲ್ಲಿದೆ. ಬೂಸಾಕ್ಕೆ ಬಂದವರು ಅಜ್ಜನ ಮೂಗು ಎಂದರೆ ಅವರು ತಿದ್ದುವುದಿಲ್ಲ.

ಸಭಾಂಗಣದಲ್ಲಿ ಹೆಂಗಸರು ಬಹಳ ಬಂದಿದ್ದರು. ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಸಾರಿನ ತಟ್ಟೆಯ ಮುಂದೆ ನಿಂತ ಒಬ್ಬರು ತಮ್ಮ ಬಾಣಂತನದಲ್ಲಿ ಉಪ್ಪಿನಕಾಯಿ ಕದ್ದು ತಿಂದು ಸಿಕ್ಕಿಬಿದ್ದದ್ದನ್ನು ಹೇಳಿದರು. ಹೊಟ್ಟೆಯ ಗೆರೆಗಳ ಮುಂದೆ ನಿಂತ ಇನ್ನೊಬ್ಬರು ಗಂಡ ಕರೆದರೂ ಹೋಗಲಿಲ್ಲ. ಸುಮನಾ ಮಾತ್ರ ದೂರದಲ್ಲೇ ನಿಂತಿದ್ದಳು. ಅವಳ ಕಣ್ಣು ತಾಯಿಯ ಮೇಲಿತ್ತು. ಹಿಂದಿನ ದಿನ ಸ್ಟುಡಿಯೋದಲ್ಲಿ ಏನಾಯಿತೆಂದು ನಾನು ಅವಳಿಗೆ ಹೇಳಿರಲಿಲ್ಲ. ಗಂಗಣ್ಣ ಬೇರೆ ಪ್ರಿಂಟ್ ಕೊಟ್ಟರು, ಬೇಜಾರು ಮಾಡಿಕೊಳ್ಳಲಿಲ್ಲ ಎಂದಷ್ಟೇ ಹೇಳಿದ್ದೆ.

ನೀಲಾಂಬಿಕಮ್ಮ ಎಣ್ಣೆ ಬಟ್ಟಲಿನ ಚಿತ್ರದ ಪಕ್ಕದಲ್ಲಿ, ತಾವೇ ಅಂಗಡಿಯಿಟ್ಟವರ ಹಾಗೆ ನಿಂತಿದ್ದರು. ಯಾರಾದರೂ ಹತ್ತಿರ ಬಂದರೆ ಮಗುವನ್ನು ಬಲಗೈಗೆ ಸರಿಸಿಕೊಂಡು ಎಡಗೈಯ ಬಳೆ ಮೇಲೆ ಮಾಡಿ ತೋರಿಸುತ್ತಿದ್ದರು. ಅದನ್ನು ಕಂಡು ಸುಮನಾ ಹತ್ತಿರ ಹೋದಳು. ಆಗ ಚೀಟಿ ಅವಳ ಕಣ್ಣಿಗೆ ಬಿತ್ತು. ನನ್ನ ದುಂಡು ಅಕ್ಷರದಲ್ಲಿ ಹೀಗಿತ್ತು:

"ಇದು ಸುಮನಾಳ ತಾಯಿ ನೀಲಾಂಬಿಕೆಯ ಕೈ. ಸುಟ್ಟ ಗುರುತು ಸುಮನಾ ಹುಟ್ಟಿದ ಹನ್ನೆರಡನೇ ದಿನದ್ದು. ಸಂಡಿಗೆಯದ್ದಲ್ಲ."

ಸುಮನಾ ಅದನ್ನು ಎರಡು ಸಲ ಓದಿದಳು. ತಾಯಿಯ ಕಡೆ ತಿರುಗಿ ಅವರ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತಳು, ಮಫ್ಲರು ಜಾರಿ ಹೆಗಲಿಗೆ ಬಿತ್ತು. ನೀಲಾಂಬಿಕಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು, ಮಫ್ಲರನ್ನು ಎತ್ತಿ, ಮಗಳ ತಲೆಯ ಸುತ್ತ ಮೊದಲಿಗಿಂತ ಬಿಗಿಯಾಗಿ ಕಟ್ಟಿದರು.

"ಅಳೋದಾದ್ರೆ ಅಳು" ಎಂದರು. "ಕಿವಿ ಮುಚ್ಚಿಕೊಂಡು ಅಳು. ಗಾಳಿ ಹೋಗ್ತದೆ."